ತಂಬೂರಿಯನ್ನು ತೂರಿಬಿಟ್ಟ ಫೋನು

ಜತ್ತ ತಾಲೂಕಿನ ಉಮದಿ ಕಡೆಯ ಒಂದು ಮನೆ ಎಂದುಕೊಳ್ಳೋಣ. ಸಂಜೆ ಆರರ ಹೊತ್ತು. ಹನ್ನೆರಡು ವರ್ಷದ ಹುಡುಗಿ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು, ಎದುರಿನ ಗೋಡೆಗೆ ಅಪ್ಪನ ಫೋನು ಆನಿಸಿಟ್ಟು ಕೂತಿದ್ದಾಳೆ. ಗುರುಗಳು ಇರುವುದು ವಿಜಯಪುರದಲ್ಲಿ. ಅವರು ತಮ್ಮ ಮನೆಯಲ್ಲಿ ತಂಬೂರಿ ಶ್ರುತಿಗೆ ತಂದು, ನಾಲ್ಕು ತಂತಿ ಮೀಟುತ್ತ ಕೇಳುತ್ತಾರೆ: "ಶ್ರುತಿ ಕೇಳತೈತೇನವ್ವಾ?"

"ಇಲ್ರೀ ಗುರುಗಳ. ಮೊದಲ ಒಂದೀಟು ಕೇಳಿತ್ರಿ, ಆಮ್ಯಾಲ ಹೋತು. ತಂಬೂರಿ ಬಂದ್ ಮಾಡೀರೇನ್ರಿ?"

ಗುರುಗಳ ಬೆರಳು ತಂತಿಯ ಮೇಲೇ ಇದೆ. ತಂಬೂರಿ ಕೋಣೆ ತುಂಬ ಗುಂಯ್ಗುಡುತ್ತಿದೆ. ಅವರ ಮಾತು ಹುಡುಗಿಗೆ ಸ್ಪಷ್ಟವಾಗಿ ಕೇಳಿದೆ, ಒಳಮನೆಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿದೆ. ತಂಬೂರಿ ಮಾತ್ರ ಮಾಯ.

2020ರ ಲಾಕ್‌ಡೌನಿನಲ್ಲಿ ಫೋನಿನ ಮುಂದೆ ಸಂಗೀತ ಕಲಿತವರಿಗೆ, ಕಲಿಸಿದವರಿಗೆ ಈ ಅನುಭವ ಹೊಸದಲ್ಲ. ಆಗ ಎಲ್ಲರೂ ಮಾಡಿದ್ದು ಒಂದೇ: ಫೋನನ್ನು ತಂಬೂರಿಯ ಹತ್ತಿರ ಸರಿಸಿದರು, ರೇಂಜ್ ಇಲ್ಲ ಎಂದುಕೊಂಡು ಮಾಳಿಗೆ ಹತ್ತಿದರು, ಫೋನು ಹಳೆಯದಾಯಿತೆಂದು ಹೊಸದು ತಂದರು. ಹೊಸ ಫೋನಿನಲ್ಲಿ ತಂಬೂರಿ ಇನ್ನಷ್ಟು ಬೇಗ ಮಾಯವಾಯಿತು. ರೇಂಜಿನ ದೋಷವಾಗಿದ್ದರೆ ಮಾತೂ ಹೋಗಬೇಕಿತ್ತಲ್ಲ? ಪಿಸುಮಾತನ್ನೂ ದಾಟಿಸುವ ಯಂತ್ರ ಕೋಣೆ ತುಂಬುವ ನಾದವನ್ನು ಯಾಕೆ ದಾಟಿಸುವುದಿಲ್ಲ?

ಯಂತ್ರ ಬಂದದ್ದು ಇಂದು ನಿನ್ನೆಯಲ್ಲ

ಈ ಪ್ರಶ್ನೆ ಕೇಳಲು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಜತ್ತ ಈ ಜಿಲ್ಲೆಯ ಪೂರ್ವದ ತುದಿ. ಕನ್ನಡ ಮಾತಾಡುವ ಊರುಗಳು, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು, ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದುಬರುವವರ ಭಜನೆ ಇವೆಲ್ಲ ಇಲ್ಲಿನವು. ಅದೇ ಜಿಲ್ಲೆಯಲ್ಲಿ, ಜತ್ತದ ಪಶ್ಚಿಮಕ್ಕೆ ಮಿರಜ. ತಂಬೂರಿ, ಸಿತಾರ ಮಾಡುವ ಮನೆತನಗಳ ಊರದು. ಹತ್ತೊಂಬತ್ತನೆಯ ಶತಮಾನದಲ್ಲಿ, ಕತ್ತಿ ಗುರಾಣಿಗಳಿಗೆ ಕೆಲಸ ಕಡಿಮೆಯಾದಾಗ, ಆಯುಧ ಸಾಣೆ ಹಿಡಿಯುತ್ತಿದ್ದ ಕೈಗಳೇ ಅಲ್ಲಿ ವಾದ್ಯ ಮಾಡಲು ಕಲಿತವು. ಆ ಪರಂಪರೆಯ ಮೊದಲ ಹೆಸರು ಫರೀದಸಾಹೇಬರದು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ಆ ತಂಬೂರಿಗಳಿಗೆ ಬೇಕಾದ ಬುರುಡೆ ಬೆಳೆಯುವುದು ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ. ಮಂಗಳವೇಢೆ ಎಂದರೆ ಜತ್ತದ ನೆರೆಯ ತಾಲೂಕು.

ಸಂಗೀತ ಕಲಿಕೆಯಲ್ಲಿ ತಂತ್ರಜ್ಞಾನ ಎಂದೊಡನೆ ಮೊಬೈಲಿನಿಂದ ಮಾತು ಶುರುಮಾಡುವುದು ರೂಢಿ. ಅದು ಸರಿಯಲ್ಲ. ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಗುರುವಿನ ಮನೆಯಲ್ಲಿ ಉಳಿದು ಕಲಿಯಬೇಕಿದ್ದ ವಿದ್ಯೆಗೆ ಅಲ್ಲಿ ತರಗತಿ ಬಂತು, ಪಠ್ಯಕ್ರಮ ಬಂತು, ಸ್ವರಲಿಪಿ ಅಚ್ಚಾದ ಪುಸ್ತಕ ಬಂತು. ಆ ಕಾಲಕ್ಕೆ ಅಚ್ಚಿನ ಯಂತ್ರವೇ ಸಂಗೀತದ ಹೊಸ ತಂತ್ರಜ್ಞಾನ.

ಸ್ವರವನ್ನು ಅಳೆಯುವ ಆಸೆಯೂ ಈ ಸೀಮೆಗೆ ಹೊಸದಲ್ಲ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬ ಸಂಗೀತಾಸಕ್ತರು ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರ ಸ್ವರಗಳನ್ನು ತಂತಿಯ ಉಪಕರಣದ ಮೇಲೆ ಅಳೆದು, 22 ಶ್ರುತಿಗಳ ಬಗ್ಗೆ 1910ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕ್ಲೆಮೆಂಟ್ಸ್ ಎಂಬ ಬ್ರಿಟಿಷ್ ನ್ಯಾಯಾಧೀಶರ ಜೊತೆ ಸೇರಿ, ಆ ಶ್ರುತಿಗಳನ್ನೆಲ್ಲ ನುಡಿಸಬಲ್ಲ ಹಾರ್ಮೋನಿಯಂ ಮಾಡಿಸುವ ಸಾಹಸವೂ ನಡೆಯಿತು. ಇಂದು ಮೊಬೈಲ್ ಆ್ಯಪು ಪರದೆಯ ಮೇಲೆ ಗೆರೆ ಎಳೆದು ತೋರಿಸುವುದನ್ನು ಅವರು ಒಂದು ತಂತಿ, ಒಂದು ಅಳತೆಪಟ್ಟಿ ಮತ್ತು ಒಬ್ಬ ಮಹಾಗಾಯಕನ ಕಂಠದಿಂದ ಮಾಡಲು ಹೊರಟಿದ್ದರು.

ಅದೇ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. 1937ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದೂ ಮಿರಜದ ದರ್ಗಾದಲ್ಲೇ. ಅವರು ಹಾಡಿದ ಝಿಂಝೋಟಿಯ ಠುಮರಿಯ ಧ್ವನಿಮುದ್ರಿಕೆಯನ್ನು ಗದುಗಿನ ಅಂಗಡಿಯೊಂದರಲ್ಲಿ ಕೇಳಿದ ಹುಡುಗ ಭೀಮಸೇನ ಜೋಶಿ, ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟರು. ಮೂರು ನಿಮಿಷಕ್ಕೆ ಮುಗಿಯುವ, ಕರಕರ ಸದ್ದು ತುಂಬಿದ ಒಂದು ತಟ್ಟೆ ಮಾಡಿದ ಕೆಲಸ ಅದು. ಆದರೆ ಆ ತಟ್ಟೆ ಅವರನ್ನು ಕೊನೆಗೆ ಕಳಿಸಿದ್ದು ಕುಂದಗೋಳಕ್ಕೆ, ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆಗೆ. ಅಲ್ಲಿ ತಂಬೂರಿಯ ಮುಂದೆ ಕೂತು ಷಡ್ಜ ಹಚ್ಚುವ ಕೆಲಸ ಕಾದಿತ್ತು.

ತಟ್ಟೆಯಲ್ಲಿ ಇಲ್ಲದ್ದು ಆ ತಂಬೂರಿಯಲ್ಲಿ ಏನಿತ್ತು?

ಯಾರೂ ಮೀಟದ ಗಾಂಧಾರ

ಒಳ್ಳೆಯ ಮಿರಜ ತಂಬೂರಿಯ ಮುಂದೆ ಕಣ್ಣು ಮುಚ್ಚಿ ಕೂರಬೇಕು. ಅದಕ್ಕಿರುವುದು ನಾಲ್ಕು ತಂತಿ: ಒಂದು ಪಂಚಮಕ್ಕೆ, ಎರಡು ಷಡ್ಜಕ್ಕೆ, ಕೊನೆಯದು ಖರ್ಜದ, ಅಂದರೆ ಕೆಳಗಿನ ಸಪ್ತಕದ, ಷಡ್ಜಕ್ಕೆ. ಅಂದರೆ ಇರುವ ಸ್ವರಗಳು ಎರಡೇ, ಸಾ ಮತ್ತು ಪ. ಆದರೆ ಸ್ವಲ್ಪ ಹೊತ್ತು ಕೂತರೆ ಮೂರನೆಯ ಸ್ವರವೊಂದು ಮೇಲೆ ತೇಲಿ ಬರುತ್ತದೆ. ಅದು ಗಾಂಧಾರ. ಗಾಂಧಾರಕ್ಕೆ ಬಿಗಿದ ತಂತಿಯೇ ಅಲ್ಲಿಲ್ಲ.

ತಂತಿ ಒಂದೇ ರೀತಿ ಕುಣಿಯುವುದಿಲ್ಲ ಎಂಬುದೇ ಇದರ ಗುಟ್ಟು. ಹುಡುಗಿಯರು ಹಗ್ಗದಾಟ ಆಡುವಾಗ ಹಗ್ಗ ಇಡಿಯಾಗಿ ಒಂದು ಕಮಾನಾಗುತ್ತದೆ. ಕೈ ಚುರುಕು ಮಾಡಿದರೆ ಎರಡು ಕಮಾನಾಗುತ್ತದೆ, ಇನ್ನೂ ಚುರುಕಾದರೆ ಮೂರು. ತಂಬೂರಿಯ ತಂತಿ ಈ ಎಲ್ಲ ಕುಣಿತಗಳನ್ನೂ ಒಟ್ಟಿಗೇ ಕುಣಿಯುತ್ತದೆ. ಗಂಡಸರು ಸಾಮಾನ್ಯವಾಗಿ ಹಾಡುವ ಕಾಳಿ ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕರಿಮನೆಯ, ಶ್ರುತಿಯಲ್ಲಿ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಅದರ ಜೊತೆಗೇ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಗಳೂ ಹೊರಡುತ್ತವೆ. ಇವನ್ನು ಮರಿನಾದಗಳು ಎನ್ನೋಣ. ಇಂಗ್ಲಿಷಿನಲ್ಲಿ ಇವಕ್ಕೆ ಹಾರ್ಮೋನಿಕ್ಸ್ ಎಂದು ಹೆಸರು. ಮೂರನೆಯ ಮರಿ ಪಂಚಮದ ಮೇಲೆ ಕೂರುತ್ತದೆ, ಐದನೆಯದು ಸರಿಯಾಗಿ ಗಾಂಧಾರದ ಮೇಲೆ. ಕೇಳಿಸಿದ ಗಾಂಧಾರ ಅದೇ.

ಮರಿನಾದಗಳು ಪೇಟಿಯಲ್ಲೂ ಇವೆ, ಪಿಟೀಲಿನಲ್ಲೂ ಇವೆ. ತಂಬೂರಿಯಲ್ಲಿ ಅವು ಕಿವಿಗೆ ತಾವಾಗಿ ಬಂದು ಬೀಳುವುದು ಜವಾರಿಯಿಂದ. ಬಡಗಣ ಕರ್ನಾಟಕದವರಿಗೆ ಜವಾರಿ ಎಂದೊಡನೆ ನಾಟಿ ಜೋಳ, ನಾಟಿ ಕೋಳಿ ನೆನಪಾಗುತ್ತವೆ. ಇದು ಬೇರೆ ಜವಾರಿ. ಬುರುಡೆಯ ಮುಚ್ಚಳದ ಮೇಲೆ ತಂತಿಗಳನ್ನು ಹೊತ್ತು ನಿಂತ ಕುದುರೆಯ ಮೈ ಚೂಪಾಗಿಲ್ಲ. ಅದು ಅಗಲವಾಗಿ, ಎತ್ತಿನ ಬೆನ್ನಿನಂತೆ ಸ್ವಲ್ಪವೇ ಇಳಿಜಾರಾಗಿದೆ. ತಂತಿ ಪ್ರತಿ ಸಲ ಕೆಳಗಿಳಿದಾಗಲೂ ಆ ಇಳಿಜಾರನ್ನು ಸವರಿಕೊಂಡು ಮೇಲೇಳುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನ ಎಳೆ ಸಿಕ್ಕಿಸುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತಿದ್ದಂತೆ, ಮೊಂಡಾಗಿದ್ದ ಸದ್ದು ಥಟ್ಟನೆ ತೆರೆದುಕೊಳ್ಳುತ್ತದೆ. ಜೇನುಹುಳದ ಗುಂಯ್‌ಗಾಟದಂಥ ಒಂದು ಹೊಳಪು ಬರುತ್ತದೆ. ತಂತಿಗೆ ಜೀವ ಬಂತು ಎನ್ನುತ್ತಾರೆ.

ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಮೇಲೆ ಬರೆದ ಪುಟ್ಟ ಪ್ರಬಂಧದ ವಿಷಯ ಇದೇ. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ಯಾವ ಕುಣಿತಕ್ಕೆ ನಿಲುಗಡೆಯೋ ಆ ಮರಿನಾದ ಹುಟ್ಟಬಾರದು. ಯುರೋಪಿನ ಭೌತವಿಜ್ಞಾನ ಒಪ್ಪಿಕೊಂಡಿದ್ದ ನಿಯಮವಿದು. ವೀಣೆಯಲ್ಲಿ, ತಂಬೂರಿಯಲ್ಲಿ ಹುಟ್ಟಬಾರದ ಆ ಮರಿಗಳೂ ಗಟ್ಟಿಯಾಗಿ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ತಂತಿ ಕುದುರೆಯನ್ನು ಸವರುತ್ತಿರುವಷ್ಟು ಹೊತ್ತೂ ದೊಡ್ಡ ಕುಣಿತದ ಬಲ ಮರಿಕುಣಿತಗಳಿಗೆ ಹಂಚಿಕೆಯಾಗುತ್ತಲೇ ಇರುತ್ತದೆ.

ಕಲಿಯುವ ಮಗುವಿಗೆ ಇದರಿಂದ ಏನು ಲಾಭ? ಎರಡು ಸದ್ದು ಹತ್ತಿರ ಹತ್ತಿರ ಇದ್ದೂ ಒಂದಾಗದಿದ್ದರೆ ನಡುವೆ ಒಂದು ಅಲುಗಾಟ ಕೇಳಿಸುತ್ತದೆ. ತಂಬೂರಿ ಸೆಕೆಂಡಿಗೆ 240 ಸಲ ಕಂಪಿಸುತ್ತಿರುವಾಗ ಹುಡುಗಿಯ ಕಂಠ 243ರಲ್ಲಿದ್ದರೆ, ಸೆಕೆಂಡಿಗೆ ಮೂರು ಸಲ ಸದ್ದು ಉಬ್ಬಿ ತಗ್ಗುತ್ತದೆ. ಕಂಠವನ್ನು ಸರಿಪಡಿಸುತ್ತ ಬಂದರೆ ಆ ಮಿಡಿತ ನಿಧಾನವಾಗುತ್ತ ಹೋಗಿ, ಒಂದು ಗಳಿಗೆಯಲ್ಲಿ ಪೂರಾ ನಿಂತುಬಿಡುತ್ತದೆ. ಆಗ ತನ್ನ ದನಿ ಯಾವುದು, ತಂಬೂರಿಯದು ಯಾವುದು ಎಂದು ಅವಳಿಗೇ ತಿಳಿಯುವುದಿಲ್ಲ. ಸುರ ಕೂಡಿತು ಎನ್ನುವುದು ಇದಕ್ಕೇ. ತಂಬೂರಿಯಲ್ಲಿ ಷಡ್ಜವೊಂದೇ ಅಲ್ಲ, ಅದರ ಮರಿಗಳೆಲ್ಲ ತೆರೆದುಕೊಂಡಿರುವುದರಿಂದ ಪಂಚಮ, ಗಾಂಧಾರಗಳಿಗೂ ಒರೆಗಲ್ಲು ಅಲ್ಲೇ ಸಿಗುತ್ತದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಗವಾಯಿಗಳನ್ನಾಗಿ ಮಾಡಿದ್ದು ಕಿವಿಯೊಂದನ್ನೇ ನಂಬಿ.

ಫೋನು ತೆಗೆದುಹಾಕಿದ್ದು ಈ ಒರೆಗಲ್ಲನ್ನೇ.

ಕಣದಲ್ಲಿ ಕೂತ ಯಂತ್ರ

ಜತ್ತ ಜೋಳದ ಸೀಮೆ. ಮಷಿನ್ನು ಬರುವ ಮೊದಲು ಕಣದಲ್ಲಿ ರಾಶಿ ತೂರುತ್ತಿದ್ದುದನ್ನು ಅಲ್ಲಿನ ಹಿರಿಯರೆಲ್ಲ ಕಂಡವರೇ. ಮೇವುಗಟ್ಟಿಗೆಯ ಮೇಲೆ ನಿಂತು ಮೊರದಿಂದ ಕಾಳು ಸುರಿದರೆ, ಗಾಳಿ ಹೊಟ್ಟನ್ನು ಆಚೆ ಒಯ್ಯುತ್ತದೆ, ತೂಕದ ಕಾಳು ನೇರ ಕೆಳಗೆ ಬೀಳುತ್ತದೆ. ಗಾಳಿಗೆ ಗೊತ್ತಿರುವುದು ಒಂದೇ ಲಕ್ಷಣ, ಹಗುರ ಯಾವುದು ಎಂಬುದು. ಬಿತ್ತನೆಗೆ ಬೇಕಾದ ಹಗುರ ಬೀಜವೊಂದು ಆ ರಾಶಿಯಲ್ಲಿದ್ದರೂ ಗಾಳಿ ಅದನ್ನು ಹೊಟ್ಟಿನ ಜೊತೆಗೇ ಒಯ್ಯುತ್ತದೆ.

ಫೋನಿನೊಳಗೂ ಇಂಥದೊಂದು ಕಣವಿದೆ. ಮೈಕಿಗೆ ಬಿದ್ದ ಸದ್ದು ನೇರವಾಗಿ ಆಚೆ ಊರಿಗೆ ಹೋಗುವುದಿಲ್ಲ. ಮೊದಲು ಅದನ್ನು ತೂರುತ್ತಾರೆ. ತಂತ್ರಜ್ಞರು ನಾಯ್ಸ್ ಸಪ್ರೆಶನ್ ಎಂದು ಕರೆಯುವ ಈ ಕೆಲಸಕ್ಕೆ ಸದ್ದು ತೂರುವುದು ಎಂದರೆ ಸಾಕು. ಫೋನಿನ ಮಟ್ಟಿಗೆ ಮಾತು ಕಾಳು. ಫ್ಯಾನಿನ ಸದ್ದು, ಬಸ್ಸಿನ ಇಂಜಿನ್ನು, ಹೊಲದ ಪಂಪುಸೆಟ್ಟು, ಮಳೆಯ ಸೊರಸೊರ ಇವೆಲ್ಲ ಹೊಟ್ಟು. ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾತಾಡುವಾಗ ಆಚೆಯವರಿಗೆ ಇಂಜಿನ್ನಿನ ಗದ್ದಲ ಕೇಳದಿರಲಿ ಎಂದು ಮಾಡಿದ ಏರ್ಪಾಡು ಇದು. ಅದನ್ನು ಬೈಯುವಂತಿಲ್ಲ. ಅದಿಲ್ಲದಿದ್ದರೆ ಜತ್ತದ ಸ್ಟ್ಯಾಂಡಿನಿಂದ ಸಾಂಗಲಿಗೆ ಒಂದು ಮಾತು ನೆಟ್ಟಗೆ ಮುಟ್ಟುತ್ತಿರಲಿಲ್ಲ.

ಆದರೆ ಕಾಳು ಯಾವುದು, ಹೊಟ್ಟು ಯಾವುದು ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಕನ್ನಡ ಬರುವುದಿಲ್ಲ, ಮರಾಠಿ ಬರುವುದಿಲ್ಲ, ರಾಗವಂತೂ ತಿಳಿಯದು.

ಡಬ್ಬಿಯ ತೂಕ

ಕಿರಾಣಿ ಅಂಗಡಿಗೆ ಎಣ್ಣೆ ತರಲು ಹೋದವರು ಮನೆಯಿಂದಲೇ ಡಬ್ಬಿ ಒಯ್ದರೆ, ಅಂಗಡಿಯವನು ಮೊದಲು ಖಾಲಿ ಡಬ್ಬಿ ತೂಗುತ್ತಾನೆ. ಆಮೇಲೆ ಎಣ್ಣೆ ಹಾಕಿ ತೂಗಿ, ಡಬ್ಬಿಯ ತೂಕ ಕಳೆಯುತ್ತಾನೆ. ಫೋನಿಗೆ ಈ ಅನುಕೂಲವಿಲ್ಲ. ಅದರ ತಕ್ಕಡಿಯ ಮೇಲೆ ಡಬ್ಬಿ, ಎಣ್ಣೆ ಎರಡೂ ಒಟ್ಟಿಗೇ ಬಂದು ಕೂರುತ್ತವೆ, ಮಾತು ಮತ್ತು ಗದ್ದಲ ಬೆರೆತೇ ಬರುತ್ತವೆ.

ಅದಕ್ಕೆ ಒಂದು ಜಾಣ ಉಪಾಯ ಮಾಡಿದ್ದಾರೆ. ಮನುಷ್ಯನ ಮಾತು ಎಂದೂ ಒಂದೇ ಸಮ ಹರಿಯುವುದಿಲ್ಲ. ಸೆಕೆಂಡಿಗೆ ನಾಲ್ಕೈದು ಉಚ್ಚಾರ ಬರುತ್ತವೆ. ಪ್ರತಿ ಉಚ್ಚಾರದಲ್ಲೂ ಸದ್ದು ಏರಿ ಇಳಿಯುತ್ತದೆ. 'ಅಪ್ಪ' ಎನ್ನುವಾಗ ತುಟಿ ಮುಚ್ಚಿದ ಒಂದು ಚಿಕ್ಕ ಗಳಿಗೆ ಪೂರಾ ಮೌನ. ಉಸಿರು ತೆಗೆದುಕೊಳ್ಳುವಾಗ ಮತ್ತೆ ಮೌನ. ಫೋನು ಸದ್ದನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಂಥ ಚೂರುಗಳಾಗಿ ಕತ್ತರಿಸುತ್ತದೆ. ಪ್ರತಿ ಚೂರನ್ನೂ ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಹಲವು ಪಟ್ಟಿಗಳಾಗಿ ಸೀಳುತ್ತದೆ. ಪ್ರತಿ ಪಟ್ಟಿಯಲ್ಲೂ ಕಳೆದ ಒಂದೆರಡು ಸೆಕೆಂಡಿನಲ್ಲಿ ಅತಿ ಕಡಿಮೆ ಸದ್ದು ಎಷ್ಟಿತ್ತು ಎಂದು ನೋಡುತ್ತದೆ. ಆ ಅತಿ ಕಡಿಮೆಯೇ ಅದರ ಲೆಕ್ಕದಲ್ಲಿ ಡಬ್ಬಿಯ ತೂಕ. ಮಾತು ನಿಂತ ಗಳಿಗೆಯಲ್ಲೂ ಉಳಿದದ್ದು ಗದ್ದಲವೇ ಇರಬೇಕಲ್ಲ! ಅಷ್ಟನ್ನು ಕಳೆದು, ಉಳಿದದ್ದನ್ನು ಆಚೆ ಕಳಿಸುತ್ತದೆ.

ಈಗ ಈ ತಕ್ಕಡಿಯ ಮೇಲೆ ತಂಬೂರಿ ಇಟ್ಟು ನೋಡಬೇಕು. ನಾಲ್ಕು ತಂತಿ ಒಂದಾದ ಮೇಲೊಂದು ಮೀಟಿಸಿಕೊಳ್ಳುತ್ತವೆ. ಒಂದರ ಸದ್ದು ಆರುವ ಮೊದಲೇ ಇನ್ನೊಂದು ಎದ್ದಿರುತ್ತದೆ. ನಡುವೆ ತೂತು ಬೀಳಬಾರದು ಎಂಬುದೇ ತಂಬೂರಿ ಮೀಟುವ ಕಲೆ. ಗುರುಗಳು ಮೊದಲ ದಿನ ಕೈಹಿಡಿದು ಕಲಿಸುವುದೂ ಅದನ್ನೇ: ತಂತಿಗೆ ಬೆರಳು ತಾಗಿದ್ದು ಗೊತ್ತಾಗಬಾರದು, ನಾದ ಎಣ್ಣೆಯ ಧಾರೆಯಂತೆ ಬರಬೇಕು. ಹಾಗಾಗಿ ಪ್ರತಿ ಪಟ್ಟಿಯಲ್ಲೂ ಅತಿ ಕಡಿಮೆ ಸದ್ದು ಎಂದರೆ ಹೆಚ್ಚುಕಡಿಮೆ ಪೂರ್ತಿ ಸದ್ದೇ. ಜವಾರಿ ಚೆನ್ನಾಗಿದ್ದರೆ ಮರಿನಾದಗಳ ಪಟ್ಟಿಗಳೂ ತುಂಬಿರುತ್ತವೆ, ಅಲ್ಲೂ ಅದೇ ಲೆಕ್ಕ. ಫೋನು ಎಲ್ಲವನ್ನೂ ಡಬ್ಬಿ ಎಂದು ಕಳೆಯುತ್ತದೆ. ಎಣ್ಣೆ ಉಳಿಯುವುದಿಲ್ಲ.

ಮೊದಲ ಒಂದೆರಡು ಸೆಕೆಂಡು ತಂಬೂರಿ ಕೇಳಿಸಿ ಆಮೇಲೆ ಹೋದದ್ದು ಯಾಕೆಂಬುದೂ ಇಲ್ಲೇ ತಿಳಿಯುತ್ತದೆ. ಅಷ್ಟು ಹೊತ್ತು ಫೋನು ಡಬ್ಬಿಯನ್ನು ಇನ್ನೂ ತೂಗುತ್ತಿತ್ತು. ತಂಬೂರಿ ಎಷ್ಟು ಒಳ್ಳೆಯದೋ, ಮೀಟುವ ಕೈ ಎಷ್ಟು ಪಳಗಿದ್ದೋ ಅಷ್ಟು ಬೇಗ ಅದು ಮಾಯ. ಈ ವಿಚಾರ ಮನಸ್ಸಿಗೆ ನೋವು ಕೊಡುವಂಥದ್ದು. ಮಿರಜದ ಕುಶಲಕರ್ಮಿ ಎಳೆ ಸರಿಸಿ ಸರಿಸಿ ತಂದ ಸಮನಾದವೇ ಫೋನಿನ ಕಣದಲ್ಲಿ ಅದರ ಅಪರಾಧವಾಯಿತು.

ಇತ್ತೀಚಿನ ಫೋನುಗಳಲ್ಲಿ ಲೆಕ್ಕದ ಜಾಗಕ್ಕೆ ಕಲಿತ ಯಂತ್ರ ಬಂದಿದೆ. ಸಾವಿರಾರು ತಾಸಿನ ಮಾತು ಒಂದು ಕಡೆ, ಫ್ಯಾನು, ನಾಯಿ ಬೊಗಳು, ಕೀಬೋರ್ಡಿನ ಟಕಟಕ ಇನ್ನೊಂದು ಕಡೆ ಕೇಳಿಸಿ, ಇದು ಬೇಕು ಅದು ಬೇಡ ಎಂದು ಅದಕ್ಕೆ ಪಾಠ ಮಾಡಿರುತ್ತಾರೆ. 2017ರಲ್ಲಿ ಹೊರಬಂದ ಆರ್‌ಎನ್‌ನಾಯ್ಸ್ ಎಂಬ ಮುಕ್ತ ತಂತ್ರಾಂಶ ಈ ದಾರಿಯ ಮೊದಮೊದಲ ಹೆಜ್ಜೆಗಳಲ್ಲೊಂದು. ಇವು ಹಳೆಯವಕ್ಕಿಂತ ಚುರುಕು. ಆದರೆ 'ಬೇಕು' ಎಂಬ ಪಟ್ಟಿಯಲ್ಲಿ ಇರುವುದು ಮಾತು. ತಂಬೂರಿ ಮಾತಿನಂತಿಲ್ಲ. ಹೊಸ ಫೋನಿನಲ್ಲಿ ತಂಬೂರಿ ಇನ್ನೂ ಬೇಗ ಹೋದದ್ದು ಅದಕ್ಕೇ.

ತಾನ್ ದಾಟುತ್ತದೆ, ಷಡ್ಜ ದಾಟುವುದಿಲ್ಲ

ನಷ್ಟ ತಂಬೂರಿಗಷ್ಟೇ ನಿಲ್ಲುವುದಿಲ್ಲ. ಬೆಳಗಿನ ರಿಯಾಜಿನಲ್ಲಿ ಖರ್ಜದ ಸ್ವರ ಹಚ್ಚಿ ಉಸಿರು ಮುಗಿಯುವವರೆಗೂ ನಿಲ್ಲುವುದು ಕಲಿಕೆಯ ಬುನಾದಿ. ಅಲುಗದೆ ನಿಂತ ಆ ಸ್ವರವೂ ಫೋನಿಗೆ ಪಂಪುಸೆಟ್ಟಿನಂತೆಯೇ ಕೇಳಿಸುತ್ತದೆ. ನಾಲ್ಕೈದು ಸೆಕೆಂಡಾದ ಮೇಲೆ ಶಿಷ್ಯಳ ಸಾ ಗುರುಗಳ ಕಡೆ ತೆಳುವಾಗುತ್ತದೆ, ನೀರಿನೊಳಗಿನಿಂದ ಬಂದಂತೆ ಗುಳುಗುಳು ಎನ್ನುತ್ತದೆ. "ಉಸಿರು ಸಾಲವಲ್ದು ನಿನಗ" ಎಂದು ಗುರುಗಳು ತಿದ್ದುತ್ತಾರೆ. ತಪ್ಪು ಉಸಿರಿನದಲ್ಲ.

ಅದೇ ಹುಡುಗಿ ಸರಸರನೆ ಪಲ್ಟಾ ಹೇಳಿದರೆ, ತಾನ್ ಹೊಡೆದರೆ ಎಲ್ಲವೂ ಚೆನ್ನಾಗಿ ದಾಟುತ್ತವೆ. ಅವು ಮಾತಿನಂತೆ ಗಳಿಗೆಗೊಮ್ಮೆ ಬದಲಾಗುತ್ತವೆ, ಫೋನು ಅವನ್ನು ಕಾಳೆಂದು ಒಪ್ಪುತ್ತದೆ. ಹಾಗಾಗಿ ಫೋನಿನ ಪಾಠಕ್ಕೆ ತನ್ನದೇ ಒಂದು ಒಲವು ಹುಟ್ಟಿಬಿಡುತ್ತದೆ. ನಿಂತ ಸ್ವರ ಕಲಿಸುವುದು ಕಷ್ಟ, ಓಡುವ ಸ್ವರ ಕಲಿಸುವುದು ಸುಲಭ. ಯಾರೂ ತೀರ್ಮಾನಿಸದೆಯೇ ಪಾಠ ಓಟದ ಕಡೆಗೆ ಜಾರುತ್ತದೆ. ಆನ್‌ಲೈನ್ ಕಲಿಕೆಯ ನಿಜವಾದ ಅಪಾಯ ಇದು. ಬೆಲೆ, ನೆಟ್‌ವರ್ಕು, ಶಿಸ್ತು ಇವುಗಳ ಬಗ್ಗೆ ಆಗಿರುವಷ್ಟು ಚರ್ಚೆ ಇದರ ಬಗ್ಗೆ ಆಗಿಲ್ಲ.

ದಪ್ಪ ದನಿಗೆ ಇನ್ನೊಂದು ಪೆಟ್ಟು ಹಳೆಯ ಟೆಲಿಫೋನಿನ ಕಾಲದ್ದು. ಮಾತು ತಿಳಿಯಲು ಸಾಕಾದಷ್ಟನ್ನೇ ತಂತಿಯಲ್ಲಿ ಹಾಯಿಸಬೇಕೆಂದು, ಸೆಕೆಂಡಿಗೆ 300 ಕಂಪನಕ್ಕಿಂತ ಕೆಳಗಿನದನ್ನೂ 3400ಕ್ಕಿಂತ ಮೇಲಿನದನ್ನೂ ಕತ್ತರಿಸಿ ಬಿಡುತ್ತಿದ್ದರು. ಕಾಳಿ ಒಂದರ ತಂಬೂರಿಯಲ್ಲಿ ಖರ್ಜ 69, ಮಧ್ಯ ಷಡ್ಜ 138, ಪಂಚಮ ಸುಮಾರು 104. ಮೂರೂ ಗಡಿಯ ಹೊರಗೆ. ಆದರೂ ಹಳೆಯ ಫೋನಿನಲ್ಲಿ ಗಂಡಸಿನ ದನಿ ಗಂಡಸಿನದೆಂದೇ ಕೇಳುತ್ತದೆ. ಉಳಿದ ಮರಿನಾದಗಳ ನಡುವಿನ ಅಂತರ ನೋಡಿ, ಇಲ್ಲದ ತಾಯಿನಾದವನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತದೆ. ಅಂದರೆ ಬರಿಯ ಕತ್ತರಿಯಿಂದ ತಂಬೂರಿ ಸಾಯುತ್ತಿರಲಿಲ್ಲ, ಕೃಶವಾಗಿ ಬದುಕಿರುತ್ತಿತ್ತು. ಅದನ್ನು ಪೂರಾ ಒಯ್ಯುವುದು ಕಣದ ಗಾಳಿ.

ಕೂಡಿ ಹಾಡುವುದು ಯಾಕೆ ಆಗುವುದಿಲ್ಲ

ಭಜನಾ ಮೇಳದಲ್ಲಿ ಕಲಿತವರು ಕೇಳುವ ಪ್ರಶ್ನೆ ಇದು. ಅಲ್ಲಿ ಹಿರಿಯರು ಎತ್ತಿಕೊಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ, ಹೊಸಬ ನಡುವೆ ಕೂತು ಅವರ ದನಿಯ ಆಸರೆಯಲ್ಲೇ ಕಲಿಯುತ್ತಾನೆ. ಫೋನಿನಲ್ಲಿ ಗುರು ಶಿಷ್ಯರು ಒಟ್ಟಿಗೆ ಹಾಡಿದರೆ ತಾಳ ಚೆದುರಿ ಹೋಗುತ್ತದೆ.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತು ಮೀಟರ್ ದೂರ ಕೂತವನ ದನಿ ಬರಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂವತ್ತು ಬೇಕು. ಹೆಚ್ಚುಕಡಿಮೆ ಅಲ್ಲಿಯವರೆಗೆ ಸಂಗೀತಗಾರರು ಹೊಂದಿಕೊಳ್ಳುತ್ತಾರೆ. ಇಂಟರ್‌ನೆಟ್ ಕರೆಯಲ್ಲಿ ತಡ ಸುಲಭವಾಗಿ ಅಂಥ ಸಾವಿರ ಭಾಗಗಳಲ್ಲಿ ಇನ್ನೂರನ್ನು ದಾಟುತ್ತದೆ. ಗಾಳಿಯ ಲೆಕ್ಕದಲ್ಲಿ ಅದು ಸುಮಾರು 68 ಮೀಟರ್, ಹೊಲದ ಆ ಬದುವಿನಲ್ಲಿ ನಿಂತವನ ಜೊತೆ ಈ ಬದುವಿನಿಂದ ತಾಳ ಹಾಕಿದಂತೆ. ಇದಕ್ಕೆ ಕಾರಣ ವಿಜಯಪುರದ ದೂರವಲ್ಲ. ಗಾಜಿನ ಎಳೆಯಲ್ಲಿ ಬೆಳಕು ನೂರು ಕಿಲೋಮೀಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅರ್ಧದಲ್ಲಿ ದಾಟುತ್ತದೆ. ಹೊತ್ತು ಹೋಗುವುದು ಸದ್ದನ್ನು ಚೂರು ಮಾಡಿ ಪೊಟ್ಟಣ ಕಟ್ಟುವುದರಲ್ಲಿ, ಹಿಂದೆ ಬಿದ್ದ ಪೊಟ್ಟಣಕ್ಕಾಗಿ ಕಾಯುವುದರಲ್ಲಿ, ಮತ್ತೆ ತೂರುವುದರಲ್ಲೂ. ಸಾಲದೆಂಬಂತೆ, ಸ್ಪೀಕರಿನಿಂದ ಬಂದ ಗುರುಗಳ ದನಿ ಮತ್ತೆ ಮೈಕಿಗೆ ಹೊಕ್ಕು ಪ್ರತಿಧ್ವನಿಯಾಗದಿರಲಿ ಎಂದು, ಇಬ್ಬರೂ ಒಟ್ಟಿಗೆ ದನಿ ತೆಗೆದಾಗ ಫೋನು ಒಂದನ್ನು ಒತ್ತಿಹಿಡಿಯುತ್ತದೆ. ಮಾತಿನಲ್ಲಿ ಅದು ಸಭ್ಯತೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಲ್ಲ. ಭಜನೆಗೆ ಆ ಸಭ್ಯತೆ ಒಗ್ಗುವುದಿಲ್ಲ.

ಶ್ರುತಿ ಎಲ್ಲಿಡಬೇಕು

ಕಾರಣ ತಿಳಿದ ಮೇಲೆ ದಾರಿ ಸರಳ. ತಂಬೂರಿಯನ್ನು ಫೋನಿನ ಕಣದಲ್ಲಿ ಹಾಯಿಸಲೇಬಾರದು. ಅದು ಕಲಿಯುವವಳ ಕೋಣೆಯಲ್ಲೇ ಮೊಳಗಬೇಕು.

ಅದಕ್ಕೆ ಬೇಕಾದ ಯಂತ್ರ ಹುಟ್ಟಿದ್ದು ಕರ್ನಾಟಕದಲ್ಲೇ. ಬೆಂಗಳೂರಿನ ಕೊಳಲುವಾದಕ, ಎಂಜಿನಿಯರ್ ಜಿ. ರಾಜನಾರಾಯಣ ಅವರು 1979ರ ಸುಮಾರಿಗೆ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆಗಳು ಮನೆಮನೆಯ ಪಾಠಕ್ಕೆ ಬಂದವು. ಈಗ ಅದೇ ಕೆಲಸವನ್ನು ಮೊಬೈಲ್ ಆ್ಯಪುಗಳು ಮಾಡುತ್ತವೆ. ಅವುಗಳಲ್ಲಿ ಹಲವು ನಿಜವಾದ ತಂಬೂರಿಯ ಒಂದೊಂದು ತಂತಿಯನ್ನೂ ಮುದ್ರಿಸಿಕೊಂಡು ಹೆಣೆದವು. ಮನೆಯಲ್ಲಿ ಹಳೆಯ ಫೋನೊಂದಿದ್ದರೆ ಅದರಲ್ಲಿ ಶ್ರುತಿ ಹಚ್ಚಿ ಹುಡುಗಿಯ ಬೆನ್ನ ಹಿಂದೆ ಇಡಬಹುದು. ಗುರುಗಳೂ ತಮ್ಮ ಕೋಣೆಯಲ್ಲಿ ಅದೇ ಶ್ರುತಿ ಇಟ್ಟುಕೊಂಡರೆ ಆಯಿತು. ಎರಡೂ ಕಡೆ ತಂಬೂರಿ ಇರುತ್ತದೆ, ನಡುವೆ ದಾಟಬೇಕಾದ್ದು ಕಂಠ ಮಾತ್ರ. ಪುಟ್ಟ ಸ್ಪೀಕರಿಗೆ ಖರ್ಜ ಹೊರಡಿಸುವ ಶಕ್ತಿ ಇರುವುದಿಲ್ಲ. ಫೋನನ್ನು ಬಾಯಗಲದ ಖಾಲಿ ಮಡಕೆಯಲ್ಲೋ ಸ್ಟೀಲಿನ ಕೊಳಗದಲ್ಲೋ ಇಟ್ಟರೆ ಸದ್ದಿಗೆ ಒಂದಿಷ್ಟು ಮೈ ಬರುತ್ತದೆ. ಮಿರಜದ ಬುರುಡೆಯದು ಈ ಕೆಲಸದಲ್ಲಿ ನೂರು ಪಾಲು ಹೆಚ್ಚಿನ ಕೈ.

ತೂರುವುದನ್ನೇ ನಿಲ್ಲಿಸುವ ಗುಂಡಿಯೂ ಉಂಟು. ಸಂಗೀತದವರ ಗೋಳು ಕೇಳಿ ಝೂಮ್ 2020ರಲ್ಲಿ ಸಂಗೀತಕ್ಕೆಂದೇ ಒಂದು ಏರ್ಪಾಡು ತಂದಿತು. ಅದರ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್' ಎಂಬುದನ್ನು ಆರಿಸಿದರೆ ಕಣದ ಗಾಳಿ ನಿಲ್ಲುತ್ತದೆ. ಗೂಗಲ್ ಮೀಟಿನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಬಹುದು. ಆಗ ಇಯರ್‌ಫೋನ್ ಬೇಕು. ಇಲ್ಲದಿದ್ದರೆ ಪ್ರತಿಧ್ವನಿ ಎದ್ದು ಕೂರುತ್ತದೆ.

ತಡದ ತೊಂದರೆಗೆ ಮದ್ದು, ನೇರ ಕರೆಯನ್ನೇ ಕಡಿಮೆ ಮಾಡುವುದು. ಗುರುಗಳು ಪಾಠದ ಎರಡು ಆವರ್ತನ ಹಾಡಿ ಕಳಿಸಿದರೆ, ಹುಡುಗಿ ಅದನ್ನು ಬಿಟ್ಟು ಬಿಟ್ಟು ಹತ್ತು ಸಲ ಕೇಳಬಹುದು, ಅದರೊಂದಿಗೆ ದನಿಗೂಡಿಸಬಹುದು, ತನ್ನದನ್ನು ಮುದ್ರಿಸಿ ಕಳಿಸಬಹುದು. ರೇಂಜ್ ಬಂದಾಗ ಹೋದರೂ ಸಾಕು. ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಶಾಲೆಯಲ್ಲಿ ರಣಜಿತಸಿಂಹ ಡಿಸಲೆ ಅವರು ಪಠ್ಯಪುಸ್ತಕದ ಪುಟಕ್ಕೆ ಕ್ಯೂಆರ್ ಕೋಡ್ ಅಂಟಿಸಿ ಪದ್ಯಗಳನ್ನು ಕೇಳುವಂತೆ ಮಾಡಿದ್ದು ಇದೇ ತಿಳಿವಳಿಕೆಯಿಂದ. ಅದಕ್ಕೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು.

ಇನ್ನು ಸ್ವರ ತಿದ್ದುವ ಆ್ಯಪುಗಳು. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಶುರುವಾದ ಕಾಂಪ್‌ಮ್ಯೂಸಿಕ್ ಯೋಜನೆ ಹಿಂದುಸ್ತಾನಿ, ಕರ್ನಾಟಕ ಸಂಗೀತವನ್ನು ಕಂಪ್ಯೂಟರಿಗೆ ಓದಿಸಿತು. ಈಗ ಹಾಡಿದ ಕೂಡಲೇ ಪರದೆಯ ಮೇಲೆ ಗೆರೆ ಮೂಡಿ, ಸ್ವರ ಎಲ್ಲಿ ತಪ್ಪಿತು ಎಂದು ತೋರಿಸುತ್ತದೆ. ಒಬ್ಬಳೇ ಕೂತು ರಿಯಾಜು ಮಾಡುವ ಹಳ್ಳಿಯ ಹುಡುಗಿಗೆ ಇದು ದೊಡ್ಡ ಆಸರೆ. ಆದರೆ ಗೆರೆ ನೋಡಿ ತಿದ್ದಿಕೊಂಡದ್ದು ಕಣ್ಣು. ಮೊದಲು ಮಿಡಿತ ನಿಲ್ಲುವವರೆಗೆ ಕಿವಿಯಿಂದ ತಿದ್ದಿ, ಆಮೇಲೆ ಗೆರೆ ನೋಡುವುದು ಸರಿಯಾದ ಕ್ರಮ.

ತೂರುವ ಈ ಆಟವನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಇನ್ನೊಂದು ಊರಿನ ಬಂಧುವಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಮೊಳದೂರ ಇಟ್ಟು, 'ಆ' ಎಂದು ಒಂದೇ ಸಮನೆ ಹದಿನೈದು ಸೆಕೆಂಡು ದನಿ ಹಿಡಿಯಬೇಕು. ಯಾವಾಗ ಕೇಳದಾಯಿತು ಎಂದು ಆಚೆಯವರು ಕೈಯೆತ್ತಬೇಕು. ಹಲವು ಫೋನುಗಳಲ್ಲಿ ಉಸಿರು ಮುಗಿಯುವ ಮೊದಲೇ ಕೈ ಮೇಲೇಳುತ್ತದೆ. ಕೈ ಎದ್ದ ಕೂಡಲೇ ದನಿ ನಿಲ್ಲಿಸದೆ, ಅದೇ ಉಸಿರಿನಲ್ಲಿ ಆ-ಈ-ಆ-ಈ ಎಂದು ಅಲುಗಿಸಿದರೆ ಕೈ ಕೆಳಗಿಳಿಯುತ್ತದೆ.